ರುದ್ರಾಂಬೆಗೆ ಕಂಠದಾನ

ಟಿವಿ ಧಾರಾವಾಹಿಯ ರುದ್ರಾಂಬೆ ಎಂದರೆ ಇಡೀ ದಾವಣಗೆರೆ ಹಲ್ಲು ಕಡಿಯುತ್ತಿತ್ತು. ಸೊಸೆಯ ಪಾಯಸಕ್ಕೆ ಹರಳೆಣ್ಣೆ ಸುರಿದ ಮಹಾಮಾತೆ ಆಕೆ! ಆನೆಕೊಂಡದ ರೇವತಿಗೆ ಮಾತ್ರ ಅವಳ ಮೇಲೆ ಕನಿಕರ ಹುಟ್ಟಿತು. ಹುಟ್ಟಿದ್ದೇ ತಡ, ಅಭಿಮಾನಿಗಳು ಕಥೆ ಬರೆಯುವ ಆ್ಯಪಿನಲ್ಲಿ ತಾನೂ ಒಂದು ಶುರುಮಾಡಿದಳು. ಅದರಲ್ಲಿ ರುದ್ರಾಂಬೆ ಸಿಟ್ಟು ಬಂದಾಗಲೆಲ್ಲ ಹಾಡುತ್ತಾಳೆ. ಹಾಡಿದಂತೆಲ್ಲ ವಿಷ ಇಳಿಯುತ್ತದೆ. (ಸೊಂಟಕ್ಕೆ ಕೈಯಿಡುವ ಗತ್ತಿನಿಂದ ಹಿಡಿದು ಎಲ್ಲವೂ ಅತ್ತೆ ನಾಗಕ್ಕನದೇ. ಸೊಸೆಯನ್ನು ಮಾತ್ರ ರೇವತಿ ತನ್ನ ಅಚ್ಚಿನಲ್ಲೇ ಎರಕ ಹೊಯ್ದಿದ್ದಳು: ಸಾಕ್ಷಾತ್ ಭೂದೇವಿ!)

ಓದುಗರು "ಹಾಡು ಕೇಳಿಸ್ರಿ" ಎಂದು ಗಂಟುಬಿದ್ದರು. ನಾಗಕ್ಕ ಮದುವೆಗಳಲ್ಲಿ ಬೀಗರ ಪದ ಹಾಡಿ ಬೀಗರ ಮಾನ ಹರಾಜು ಹಾಕುವುದರಲ್ಲಿ ಎತ್ತಿದ ಕೈ. ರೊಟ್ಟಿ ಬಡಿಯುತ್ತ ಆಕೆ ಹಾಡಿಕೊಂಡದ್ದನ್ನು ರೇವತಿ ಕದ್ದು ರೆಕಾರ್ಡ್ ಮಾಡಿ ಕಥೆಗೆ ಅಂಟಿಸಿದಳು. ಗೊತ್ತಾದರೆ ಅತ್ತೆ ಗ್ರಹಚಾರ ಬಿಡಿಸುತ್ತಾಳೆಂಬ ಹೆದರಿಕೆ ಇತ್ತು. ಆದರೆ ಲೈಕುಗಳ ಮುಂದೆ ಹೆದರಿಕೆ ಯಾವ ಲೆಕ್ಕ!

ಹರಿಹರದಲ್ಲಿ ನಾದಿನಿ ಪುಷ್ಪಲತಾಳ ಸೀಮಂತ. ನೆರೆದ ಹೆಂಗಸರ ನಡುವೆ ಅವಳ ಫೋನಿನಿಂದ ರುದ್ರಾಂಬೆ ಹಾಡತೊಡಗಿದಳು.

"ಯವ್ವಾ, ಇದು ನಿನ್ ದನಿ ಅಲ್ಲೇನು?"

ರೇವತಿ ಮೆಲ್ಲಗೆ ಕಂಬದ ಮರೆಗೆ ಸರಿದಳು. ನಾಗಕ್ಕ ಮಗಳಿಂದ ಕಥೆಯನ್ನೆಲ್ಲ ಓದಿಸಿ ಕೇಳಿ ಸೊಸೆಯತ್ತ ತಿರುಗಿದಳು.

"ರುದ್ರಾಂಬೆ ಅಂದ್ರೆ ನಾನೇ ಏನಮ್ಮ?"

"ತಪ್ಪಾತ್ರಿ ಅತ್ತೆ..."

"ತಪ್ಪೆಲ್ಲಿ ಐತೆ? ನನ್ನ ಚೆಂದಾಗೇ ಬರ್ದೀಯ. ಆದ್ರೆ ಆ ಸೊಸೆ ಯಾರು? ಅಂಥಾಳನ್ನ ನಮ್ಮನ್ಯಾಗೆ ನಾನು ನೋಡೇ ಇಲ್ಲ!"

ಎಂದವಳೇ ಸೊಂಟಕ್ಕೆ ಕೈಯಿಟ್ಟು ಶುರುಮಾಡಿಯೇ ಬಿಟ್ಟಳು:

"ಸೂರ್ಯ ನೆತ್ತಿಗೆ ಬಂದ, ಸೊಸೆಮುದ್ದು ಎದ್ದಿಲ್ಲ
ಸಾರಿಗೆ ಉಪ್ಪಿಲ್ಲ, ಬಾಯಿಗೆ ಬೀಗಿಲ್ಲ, ನಮ್ಮ
ಫೋನವ್ವಗೆ ಬಿಡುವಿಲ್ಲ!"

ಹೆಂಗಸರೆಲ್ಲ ಸೊಲ್ಲು ಹಿಡಿದರು. ಊಟಕ್ಕೆ ಎಲೆ ಹಾಕುತ್ತಿದ್ದ ರೇವತಿಯ ಗಂಡ ದಿನೇಶನೂ ಬಾಗಿಲಲ್ಲೇ ನಿಂತು ದನಿಗೂಡಿಸಿದ, ದ್ರೋಹಿ! ಬೀಗರ ಪದದಲ್ಲಿ ಬೈಸಿಕೊಂಡವರು ಮುನಿಸಿಕೊಳ್ಳುವಂತಿಲ್ಲ. ನಗುನಗುತ್ತ ಹಾಡಿದವರಿಗೆ ಎಲೆಅಡಿಕೆ ಕೊಡಬೇಕು. ರೇವತಿ ಹಲ್ಲು ಕಿರಿದು ಕೊಟ್ಟಳು.

"ಈ ಹಾಡನ್ನೂ ಹಾಕು. ಇಲ್ಲಾಂದ್ರೆ ನಾನು ಇನ್ನ ಹಾಡಾಕಿಲ್ಲ" ಎಂದಳು ನಾಗಕ್ಕ, ಎಲೆಗೆ ಸುಣ್ಣ ಸವರುತ್ತ.

ಓದುಗರು ಮುಂದಿನ ಹಾಡಿಗೆ ಬಾಯಿಬಿಟ್ಟುಕೊಂಡು ಕೂತಿದ್ದರು. ಬೇರೆ ದಾರಿಯಿಲ್ಲದೆ ರೇವತಿ ಹಾಕಿದಳು. ಸಂಜೆಯೊಳಗೆ ರುದ್ರಾಂಬೆ ಪತಿತಪಾವನೆಯಾದಳು. ಭೂದೇವಿಗೆ ಊರೆಲ್ಲ ಶಾಪ ಹಾಕತೊಡಗಿತು. "ಪಾಪ ಅತ್ತೆ, ಎಂಥ ಮನೆಹಾಳಿ ಗಂಟುಬಿದ್ದಾಳ್ರೀ!"

ಎಲ್ಲಕ್ಕಿಂತ ಮೊದಲು ಬಂದ ಕಾಮೆಂಟು ಆನಗೋಡಿನಿಂದ, ರೇವತಿಯ ಹೆತ್ತ ತಾಯಿಯದು: "ಖರೇ ಬರ್ದಾರ್ ನೋಡ್ರಿ. ಸಣ್ಣಾಕಿದ್ದಾಗಿಂದ್ಲೂ ಹಿಂಗೇ."