ಡಿಸ್ಕಿಲ್ಲದ ಲ್ಯಾಬೂ ಕ್ಯಾಂಟೀನಿನ ಡಬ್ಬವೂ

ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳ ಹಣೆಬರಹವೇ ಇಷ್ಟು. ಮಿಷನ್ ಓಡುತ್ತಿದ್ದರೆ ನಾನೊಬ್ಬಳಿದ್ದೀನಿ ಅಂತ ಯಾರಿಗೂ ಗೊತ್ತಿರುವುದಿಲ್ಲ, ನಿಂತರೆ ಇಡೀ ಕೆ.ಆರ್. ಪೇಟೆಗೆ ನನ್ನ ನೆನಪಾಗುತ್ತದೆ. ವರ್ಷವೆಲ್ಲಾ ಒಂದೊಂದಾಗಿ ಬರುವ ತಾಪತ್ರಯಗಳು ಈ ಸಲ ಒಂದೇ ವಾರದಲ್ಲಿ ಮಾತಾಡಿಕೊಂಡು ಬಂದವು.

ಮದುವೆ ಕಾಗದದ ವಿಳಾಸ

ನಮ್ಮದು ಪೇಟೆಯ ಒಂದು ಸಣ್ಣ ಖಾಸಗಿ ಡಿಗ್ರಿ ಕಾಲೇಜು. ನಮ್ಮ ಲ್ಯಾಬಿನ ಮಿಷನ್ನುಗಳ ಒಳಗೆ ಡಿಸ್ಕೇ ಇಲ್ಲ. ಆನ್ ಮಾಡಿದರೆ ವೈರಿನ ಮೂಲಕ ಮೂಲೆಯಲ್ಲಿರುವ ಸರ್ವರನ್ನು ಕೇಳಿ, ಅಲ್ಲಿಂದಲೇ ಎಲ್ಲಾ ತರಿಸಿಕೊಂಡು ಏಳಬೇಕು. ಹಾಸ್ಟೆಲ್ ಹುಡುಗರ ಹಾಗೆ, ರೂಮಿನಲ್ಲಿ ಒಲೆ ಇಲ್ಲ, ಮೆಸ್ಸಿನಿಂದ ಬಂದರೆ ಊಟ.

ಹೀಗೆ ಹಾಯಾಗಿದ್ದಾಗ ಯೂನಿವರ್ಸಿಟಿಯಿಂದ ಫೋನ್ ಬಂತು. ಪ್ರಾಕ್ಟಿಕಲ್ ಪರೀಕ್ಷೆ ಇನ್ನು ಆನ್‌ಲೈನಂತೆ. ಲ್ಯಾಬ್ ಪೂರ್ತಿ ಹೊಸ ನಮೂನೆಯ ಇಂಟರ್ನೆಟ್ ವಿಳಾಸಕ್ಕೆ ಬದಲಾಗಬೇಕಂತೆ. ಶುಕ್ರವಾರ ಟ್ರಯಲ್, ಒಂದು ಮಿಷನ್ ಏಳದಿದ್ದರೂ ಪರೀಕ್ಷೆಯ ಸೆಂಟರ್ ನಾಗಮಂಗಲದ ಕಾಲೇಜಿಗೆ ಹೋಗುತ್ತದಂತೆ. ನಮ್ಮಲ್ಲಿ ಓದುವವರು ಸುತ್ತಿನ ಹಳ್ಳಿಗಳ ಹೆಣ್ಣುಮಕ್ಕಳೇ ಜಾಸ್ತಿ. ಪೇಟೆಗೆ ಬರಲಿಕ್ಕೇ ಬೆಳಗಿನ ಒಂದು ಬಸ್ಸನ್ನು ನಂಬಿಕೊಂಡವರು, ನಾಗಮಂಗಲಕ್ಕೆ ಹೊತ್ತಿಗೆ ಸರಿಯಾಗಿ ಹೇಗೆ ಹೋಗುತ್ತಾರೆ? ನನಗೆ ರೇಗಿಹೋಯಿತು. "ಸೆಂಟರ್ ಇಲ್ಲಿಂದ ಕದಲೋಕೆ ನಾನು ಬಿಡಲ್ಲ ಸರ್" ಅಂತ ನಮ್ಮ ಪ್ರಿನ್ಸಿಪಾಲರಿಗೆ ಅಂದುಬಿಟ್ಟೆ.

ಪ್ರಿನ್ಸಿಪಾಲರು ಹೊಸ ವಿಳಾಸವನ್ನು ನೋಡಿದರು. ಹಳೆಯದು ಮನೆ ನಂಬರಿನಷ್ಟಿತ್ತು. ಇದೋ, ಮದುವೆ ಕಾಗದದಂತೆ ತಾತ, ಮುತ್ತಾತ, ಸೋದರಮಾವ ಎಲ್ಲರನ್ನೂ ಸೇರಿಸಿಕೊಂಡು ಉದ್ದಕ್ಕೆ ಹೋಗುತ್ತಿತ್ತು.

"ಇಷ್ಟುದ್ದ ವಿಳಾಸ ಇಟ್ಕೊಂಡು ಈ ಮಿಷನ್ನು ಹೋಗೋದು ಎಲ್ಲಿಗಮ್ಮ?"

"ಆ ಮೂಲೆಗೆ ಸರ್."

ಅರ್ಧ ದಾರಿಯ ಡ್ರೈವರು

ವಿಳಾಸ ಬದಲಾಯಿಸಿ ಒಂದು ಮಿಷನ್ ಆನ್ ಮಾಡಿದೆ. ಅರ್ಧ ಎದ್ದಿತು, ಅಲ್ಲೇ ಕಲ್ಲಾಯಿತು. ಇನ್ನೊಂದನ್ನು ಆನ್ ಮಾಡಿದೆ, ಅದೂ ಅಷ್ಟೇ. ಎರಡು ದಿನ ನನ್ನ ಬಾಯಲ್ಲಿ ಒಳ್ಳೇ ಮಾತೇ ಬರಲಿಲ್ಲ, ಮನೆಯಲ್ಲೂ ಎಲ್ಲರೂ ದೂರವೇ ಇದ್ದರು.

ಕೊನೆಗೆ ಕಳ್ಳ ಸಿಕ್ಕ. ಮಿಷನ್ ಅರ್ಧ ಎದ್ದ ಮೇಲೆ, "ನೆಟ್‌ವರ್ಕನ್ನು ಈಗ ನಾನೇ ಹೊಸದಾಗಿ ಸರಿಮಾಡಿಕೊಳ್ಳುತ್ತೇನೆ" ಅಂತ ಕೈಲಿದ್ದ ಸಂಪರ್ಕವನ್ನೇ ಬಿಟ್ಟುಬಿಡುತ್ತಿತ್ತು. ತಾನು ಉಸಿರಾಡುತ್ತಿರುವುದೇ ಆ ವೈರಿನಲ್ಲಿ ಅನ್ನುವ ಪರಿಜ್ಞಾನ ಬೇಡವೇ? ನಾಗಮಂಗಲದ ಬಸ್ಸಿನ ಡ್ರೈವರು ಅರ್ಧ ದಾರಿಯಲ್ಲಿ ಇಳಿದು ರಸ್ತೆ ಅಗೆಯಲು ಶುರು ಮಾಡಿದ ಹಾಗಾಯಿತು. ಬಂದ ದಾರಿಯನ್ನು ಮುಟ್ಟಕೂಡದು ಅನ್ನುವ ಸೆಟ್ಟಿಂಗ್ ಹಾಕಿದೆ. ಮಿಷನ್ ಜಮ್ಮಂತ ಎದ್ದು ಕೂತಿತು. ಖುಷಿಗೆ ಪ್ರಿನ್ಸಿಪಾಲರನ್ನು ಕರೆದು ಎಲ್ಲಾ ವಿವರಿಸಿದೆ.

"ಅಲ್ಲ ಕಣಮ್ಮ, ಸರಿಯಾಗ್ ನಡೀತಿರೋದ್ನ ಕಿತ್ತಾಕಿ ಹೊಸದಾಗಿ ಶುರು ಮಾಡೋದನ್ನ ಈ ಸೆಟ್ಟಿಂಗು ನಿಲ್ಲಿಸ್ತದೆ ಅನ್ನು. ನಮ್ ಮ್ಯಾನೇಜ್‌ಮೆಂಟಿಗೆ ಹಾಕೋಕಾಯ್ತದಾ ನೋಡು."

ಮಿಷನ್ನಿನ ಜಾತಕ

ಶುಕ್ರವಾರ ಬಂತು. ಹನ್ನೊಂದೂವರೆಗೆ ಯೂನಿವರ್ಸಿಟಿಯವರು ಅಲ್ಲಿಂದಲೇ ನಮ್ಮ ಲ್ಯಾಬನ್ನು ನೋಡುತ್ತಾರೆ. ಪ್ರಿನ್ಸಿಪಾಲರು ಕ್ಯಾಲೆಂಡರ್ ನೋಡಿಕೊಂಡೇ ಬಂದಿದ್ದರು.

"ಹತ್ತೂವರೆಗೆ ರಾಹುಕಾಲ ಕೂತ್ಕೊಳ್ತದೆ. ಅದಕ್ಕೆ ಮುಂಚೆ ಎಲ್ಲಾ ಒಟ್ಟಿಗೇ ಆನ್ ಆಗ್ಬುಡ್ಲಿ."

ಬೇಡ ಸರ್ ಅಂದೆ. ಕೇಳಲಿಲ್ಲ. ಒಂದೊಂದು ಮಿಷನ್ನಿನ ಮುಂದೆ ಒಬ್ಬೊಬ್ಬ ಹುಡುಗಿಯನ್ನು ನಿಲ್ಲಿಸಿ, ಸ್ವಿಚ್ಚಿನ ಮೇಲೆ ಬೆರಳಿಡಿಸಿ, ಗಟ್ಟಿಮೇಳಕ್ಕೆ ಸನ್ನೆ ಮಾಡುವವರಂತೆ ಕೈ ಎತ್ತಿದರು. ಎಲ್ಲಾ ಒಟ್ಟಿಗೆ ಒತ್ತಿದರು, ಎಲ್ಲಾ ಒಟ್ಟಿಗೆ ನಿಂತುಹೋಯಿತು. ಇರುವುದು ಒಂದೇ ಸರ್ವರು. ಪಂಕ್ತಿಯಲ್ಲಿ ಒಬ್ಬನೇ ಬಡಿಸುವಾಗ ಅಷ್ಟೂ ಜನ ಒಂದೇ ಸಲ ಸಾರು ಅಂತ ಕೂಗಿದರೆ ಅವನು ಬಕೆಟ್ ಇಟ್ಟು ಓಡಿಹೋಗುವುದಿಲ್ಲವೇ?

"ಸಾಲು ಸಾಲಾಗಿ ಆನ್ ಮಾಡ್ತೀನಿ ಸರ್, ಸುಮ್ನೆ ಕೂತ್ಕೊಳಿ" ಅಂದೆ, ಸ್ವಲ್ಪ ಜೋರಾಗೇ.

"ಕೊನೇ ಸಾಲು ರಾಹುಕಾಲಕ್ಕೆ ಬೀಳ್ತದಲ್ಲಮ್ಮ?"

"ಅದಕ್ಕೆ ಸ್ವಂತ ಡಿಸ್ಕೇ ಇಲ್ಲ ಸರ್, ಸ್ವಂತ ಜಾತಕ ಎಲ್ಲಿಂದ ಬರ್ಬೇಕು?"

ಕೇಳಿದವರಿಗೆ ಇಲ್ಲ ಅನ್ನದವರು

ಒಂದೊಂದೇ ಸಾಲು ಎದ್ದಿತು. ಕೊನೆಯ ಸಾಲಿಗೆ ಬರುವ ಹೊತ್ತಿಗೆ ಹನ್ನೊಂದು, ಟೀ ಸಮಯ. ಆ ಸಾಲು ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ. ಹುಡುಗಿಯರ ಮುಖ ಸಣ್ಣದಾಯಿತು. ಪ್ರಿನ್ಸಿಪಾಲರು ಗಡಿಯಾರವನ್ನೂ ನನ್ನನ್ನೂ ನೋಡಿದರು. ಅದೇ ಹೊತ್ತಿಗೆ ನಾಗಮಂಗಲದ ಲ್ಯಾಬ್ ನೋಡಿಕೊಳ್ಳುವವರ ಫೋನು.

"ನಮ್ ಲ್ಯಾಬ್ ಗುಡ್ಸಿ ರೆಡಿ ಮಾಡಿವ್ನಿ ಮೇಡಂ. ನಿಮ್ ಮಕ್ಳನ್ನ ಕಳ್ಸ್ಬುಡಿ."

ಮೈಯೆಲ್ಲಾ ಉರಿಯಿತು. ಫೋನ್ ಕಟ್ ಮಾಡಿ ನಿಂತುಹೋದ ಮಿಷನ್ನಿನ ಪರದೆಯನ್ನು ಸರಿಯಾಗಿ ನೋಡಿದೆ. ಅದು ವಿಳಾಸ ಪಡೆದಿತ್ತು, ಆದರೆ ನಮ್ಮ ಸರ್ವರಿನಿಂದಲ್ಲ, ಬೇರೆ ಯಾರಿಂದಲೋ.

ಹೊಸ ನಮೂನೆಯಲ್ಲಿ ಮಿಷನ್ ಏಳುವಾಗ "ದಾರಿ ಯಾವ ಕಡೆ?" ಅಂತ ಎಲ್ಲರನ್ನೂ ಕೇಳುತ್ತದೆ. ಯಾರು ಹೇಳಿದರೂ ನಂಬುತ್ತದೆ. ನಮ್ಮ ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ದಾರಿ ಕೇಳಿದರೆ ಗೊತ್ತಿಲ್ಲದವರೇ ಮೊದಲು ಹೇಳುವುದಿಲ್ಲವೇ, ಹಾಗೆ. ಹಾಗಾದರೆ ಇಲ್ಲಿ ಹೇಳುತ್ತಿರುವವರು ಯಾರು? ನನಗೆ ಗೊತ್ತಿಲ್ಲದ ಒಂದು ವೈರು ಲ್ಯಾಬಿನ ಕಿಟಕಿಯಿಂದ ಹೊರಗೆ ಹೋಗಿತ್ತು. ಅದರ ಹಿಂದೆಯೇ ಹೋದೆ. ಗೋಡೆ ದಾಟಿ, ನುಗ್ಗೆಮರ ದಾಟಿ, ಕ್ಯಾಂಟೀನಿನೊಳಗೆ ಬಜ್ಜಿ ಬಾಣಲೆಯ ಮೇಲಿನ ಹಲಗೆಗೆ ಮುಟ್ಟಿತ್ತು. ಅಲ್ಲಿ ಎಣ್ಣೆ ಜಿಡ್ಡು ಹಿಡಿದ ಒಂದು ವೈಫೈ ಡಬ್ಬ ಮಿಣಮಿಣ ಅಂತಿತ್ತು.

ಕ್ಯಾಂಟೀನ್ ಭಾಯಿ ಸೌಟು ಹಿಡಿದೇ ಬಂದರು. "ಟೀ ಹೊತ್ಗೆ ಮಾತ್ರ ಹಾಕ್ತೀನಿ ಮೇಡಮ್ಮೋರೆ. ಏನಾಯ್ತು?"

"ನಿಮ್ ಡಬ್ಬ ನಮ್ ಮಿಷನ್ನುಗಳಿಗೆಲ್ಲಾ ದಾರಿ ಹೇಳ್ತಾ ಕೂತದೆ ಭಾಯಿ."

"ಅದ್ರದ್ದೇನ್ ತಪ್ಪು? ಕೇಳ್ದೋರ್ಗೆ ಇಲ್ಲ ಅನ್ನೋ ಅಭ್ಯಾಸ ನಮ್ಮಲ್ಲಿಲ್ಲ."

"ಲ್ಯಾಬಿಂದ ವೈರ್ ಎಳ್ಕೊಳ್ಳಿ ಅಂತ ನಿಮಗೆ ಹೇಳಿದ್ಯಾರು?"

ಭಾಯಿ ಬಜ್ಜಿ ಕಡೆ ತಿರುಗಿಕೊಂಡರು. "ಪ್ರಿನ್ಸಿಪಾಲ್ ಸಾಹೇಬ್ರೇ ಎಳ್ಸಿದ್ದು. ಟೀ ಕುಡೀತಾ ಫೋನಲ್ಲಿ ಕಬಡ್ಡಿ ನೋಡೋಕೆ."

ವೈರು ಕಿತ್ತುಕೊಂಡು ಲ್ಯಾಬಿಗೆ ಓಡಿದೆ. ಕೊನೆಯ ಸಾಲು ಆನ್ ಮಾಡಿದೆ, ರಾಹುಕಾಲದ ನಡುಮಧ್ಯದಲ್ಲೇ ಅಷ್ಟೂ ಎದ್ದು ನಿಂತವು. ಹನ್ನೊಂದೂವರೆಗೆ ಯೂನಿವರ್ಸಿಟಿಯವರು ನೋಡಿದರು, ಸೆಂಟರ್ ನಮಗೇ ಅಂದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ಆ ಹೊತ್ತಿಗೆ ನನಗಾದ ಸಂತೋಷ ಮಗ ಪಾಸಾದಾಗಲೂ ಆಗಿರಲಿಲ್ಲ. ಪ್ರಿನ್ಸಿಪಾಲರು ನನ್ನ ಕೈಲಿದ್ದ ವೈರನ್ನು ನೋಡಿ, ಟೀ ಲ್ಯಾಬಿಗೇ ತರಿಸಿದರು.

ಮುಂದಿನ ವಾರ ನಾಗಮಂಗಲದವರು ಮತ್ತೆ ಫೋನ್ ಮಾಡಿದರು. ಈ ಸಲ ದನಿ ಮೆತ್ತಗಿತ್ತು. ಈಗ ಅವರ ಕಾಲೇಜಿಗೂ ಟ್ರಯಲ್ ಅಂತೆ, ಬೆಳಿಗ್ಗೆ ಎದ್ದ ಮಿಷನ್ನುಗಳು ಹನ್ನೊಂದಕ್ಕೆ ಏಳುತ್ತಿಲ್ಲವಂತೆ.

"ಕ್ಯಾಂಟೀನಿಗೆ ಹೋಗಿ ಒಂದು ಟೀ ಕುಡೀರಿ ಸರ್" ಅಂದೆ. "ಕುಡಿಯುವಾಗ ಸ್ವಲ್ಪ ಮೇಲೆ ನೋಡಿ."

ಸ್ವಲ್ಪ ಹೊತ್ತಿಗೆ ಅವರೇ ಮತ್ತೆ ಫೋನ್ ಮಾಡಿದರು. "ಸಿಕ್ತು ಮೇಡಂ. ಡಬ್ಬ ಅದೆ. ಆದ್ರೆ ಕೀಳೋಕಾಯ್ತಿಲ್ಲ."

"ಯಾಕೆ ಸರ್?"

ಅವರು ದನಿ ತಗ್ಗಿಸಿದರು. "ನಮ್ ಪ್ರಿನ್ಸಿಪಾಲ್ರು ಅದ್ರ ಕೆಳ್ಗೇ ಕೂತವ್ರೆ. ಕಬಡ್ಡಿ ಇನ್ನೂ ಮುಗ್ದಿಲ್ಲ."