ಅಯ್ನೋರ ಗಡಿಯಾರ, ಅಮ್ಮಾರ ಹಾರ್ಮೋನಿಯಂ

ಚರ್ಚಿನ ಸಭಾಪಾಲಕನಿಗೆ ಕೋಪ ಬರಬಾರದಂತೆ. ಹೀಗೆ ಹೇಳುವವರು ಯಾರೂ ಹೊಸದುರ್ಗದಲ್ಲಿ ಒಂಬತ್ತರ ಆರಾಧನೆಗೆ ಒಂಬತ್ತಕ್ಕೇ ಹೋಗಿ ನಿಂತವರಲ್ಲ. ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕೂ ಊರಿನ ಸಣ್ಣ ಸಣ್ಣ ಸಭೆಗಳಿಗೆ ನಾನೊಬ್ಬನೇ ಪಾಲಕ. ವಾರಕ್ಕೊಂದು ಊರು. ನಾನು ಓದಿದ್ದು ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಬೋರ್ಡಿಂಗ್ ಶಾಲೆಯಲ್ಲಿ. ಅಲ್ಲಿ ಗಂಟೆ ಹೊಡೆದ ಮೇಲೆ ಬಂದವನಿಗೆ ಊಟವಿರಲಿಲ್ಲ. ಅದು ಸರಿಯಾದ ಪದ್ಧತಿ ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬಿದ್ದೇನೆ. ಈ ಜಿಲ್ಲೆ ಮಾತ್ರ ನಂಬಲಿಲ್ಲ. ಪ್ರತಿ ಭಾನುವಾರ ಒಂದಲ್ಲ ಒಂದು ಘಟನೆ ನಡೆದು ನನ್ನ ರಕ್ತ ಕುದಿಯುತ್ತಿತ್ತು. ಭಾನುವಾರ ತಪ್ಪಿದರೆ ಶುಕ್ರವಾರ ಯಾರದಾದರೂ ಮದುವೆ ಇರುತ್ತಿತ್ತು.

ಇನ್ನೊಂದ್ಸಲ ಮಾಡ್ರಿ

ಹೊಸದುರ್ಗದ ಸಭೆಯವರಿಗೆ ಬೆಳಗಿನ ಒಂಬತ್ತೆಂದರೆ ಸ್ನಾನಕ್ಕೆ ನೀರು ಕಾಯಲು ಇಡುವ ಹೊತ್ತು. ಮಾಡದಕೆರೆ ಕಡೆಯವರು ದನಕ್ಕೆ ಹುಲ್ಲು ಹಾಕಿ, ಹೊಲಕ್ಕೊಮ್ಮೆ ಹೋಗಿ ಬಂದು, ಆಮೇಲೆ ಬಸ್ಸಿಗೆ ಕೈ ಅಡ್ಡ ಹಾಕುತ್ತಿದ್ದರು. ಮೂರು ತಿಂಗಳು ಬಾಯಿಮಾತಿನಲ್ಲಿ ಹೇಳಿದೆ. ನಾಲ್ಕನೆಯ ತಿಂಗಳು ಹೇಳುವುದನ್ನು ಬಿಟ್ಟು ಮಾಡಿ ತೋರಿಸಿದೆ.

ಒಂಬತ್ತು ಹೊಡೆಯಿತು, ಆರಾಧನೆ ಶುರು. ಒಳಗಿದ್ದವರು ಮೂವರು: ನಾನು, ಹಾರ್ಮೋನಿಯಂ ನುಡಿಸುವ ನನ್ನ ಹೆಂಡತಿ, ಗಂಟೆ ಹೊಡೆಯುವ ಮುದುಕ. ಹಾಡು, ಪ್ರಾರ್ಥನೆ, ಬೈಬಲ್ ಪಾಠ ಎಲ್ಲವೂ ಖಾಲಿ ಬೆಂಚುಗಳಿಗೆ. ಉಪದೇಶದ ಪ್ರಸಂಗವನ್ನೂ ಬಿಡಲಿಲ್ಲ. ವಿಷಯ: ಸಮಯಪಾಲನೆ. ಜೀವಮಾನದಲ್ಲಿ ಒಂದು ದಿನವೂ ತಡವಾಗಿ ಬಾರದ ಆ ಮುದುಕ ತಲೆ ತಗ್ಗಿಸಿಕೊಂಡು ಅರ್ಧ ಗಂಟೆ ಬೈಸಿಕೊಂಡ.

ಕೊನೆಯ ಆಶೀರ್ವಾದಕ್ಕೆ ನಾನು ಕೈ ಎತ್ತುವುದಕ್ಕೂ ಸಭೆ ಒಳಗೆ ಬರುವುದಕ್ಕೂ ಸರಿಹೋಯಿತು. ಎಲ್ಲರೂ ನೆಮ್ಮದಿಯಾಗಿ ಕುಳಿತರು.

"ಆರಾಧನೆ ಮುಗಿಯಿತು. ಮನೆಗೆ ಹೋಗಿ" ಎಂದೆ.

ಯಾರೂ ಏಳಲಿಲ್ಲ. ಮುಂದಿನ ಬೆಂಚಿನ ರೈತರೊಬ್ಬರು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ, "ಮುಗೀತಾ? ಹಂಗಾರೆ ಇನ್ನೊಂದ್ಸಲ ಮಾಡ್ರಿ ಅಯ್ನೋರೇ. ನಮ್ ಬಸ್ಸು ಇರಾದು ಹನ್ನೊಂದೂವರೆಗೆ" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ಮೊದಲ ಹಾಡಿನ ಪುಟ ತೆರೆದಿದ್ದಳು. ಇನ್ನೊಂದು ಸಲ ಮಾಡಿದೆ. ಪ್ರಸಂಗದ ವಿಷಯ ಅದೇ, ದನಿ ಮಾತ್ರ ಎರಡರಷ್ಟು.

ಮುಂದೆ ದೇಶದಲ್ಲಿ ಎಮರ್ಜೆನ್ಸಿ ಬಂತು. ಕಚೇರಿಗಳ ಗುಮಾಸ್ತರೆಲ್ಲ ಹತ್ತಕ್ಕೇ ಕುರ್ಚಿಯಲ್ಲಿ ಕೂರತೊಡಗಿದರು, ಜನ ಪಿಸುಮಾತಿಗಿಳಿದರು. ಅದೇ ರೈತರನ್ನು, "ಹೇಗಿದೆ ನಿಮ್ಮ ಕಡೆ ಎಮರ್ಜೆನ್ಸಿ?" ಎಂದು ಕೇಳಿದೆ.

"ನಮಗೇನು ಹೊಸದಲ್ಲ ಬಿಡ್ರಿ ಅಯ್ನೋರೇ" ಎಂದರು. "ನೀವು ಬಂದು ಆಗ್ಲೇ ಎರಡು ವರ್ಸ ಆತಲ್ಲ."

ಹಿರಿಯೂರಿನ ಅಜ್ಜಿ

ತಡವಾಗಿ ಬರುವುದನ್ನಾದರೂ ಸಹಿಸಬಹುದು, ತಡವಾಗಿ ಹಾಡುವುದನ್ನು ಸಹಿಸುವುದು ಹೇಗೆ? ಹಿರಿಯೂರಿನ ಸಭೆ ಒಂದೊಂದು ಅಕ್ಷರವನ್ನೂ ಬಾವಿಯಿಂದ ಸೇದಿ ಮೇಲೆ ತರುತ್ತಿತ್ತು. ಮೂರು ನಿಮಿಷದ ಹಾಡು ಹತ್ತು ನಿಮಿಷ. ಹಾಡಿನ ಮೊದಲ ಚರಣಕ್ಕೆ ಎದ್ದು ನಿಂತ ಮುದುಕರು ಮೂರನೆಯದಕ್ಕೆ ಕೂರುತ್ತಿದ್ದರು, ಐದನೆಯದಕ್ಕೆ ತೂಕಡಿಸುತ್ತಿದ್ದರು.

ನನ್ನ ಬಳಿ ಶಾಲೆಯ ದಿನಗಳ ಮೆಟ್ರೊನೋಮ್ ಒಂದಿತ್ತು. ಮೇಲೆ ಚೂಪಾದ ಮರದ ಪೆಟ್ಟಿಗೆ. ಕೀ ಕೊಟ್ಟರೆ ಕಡ್ಡಿಯೊಂದು ಅತ್ತಿತ್ತ ಆಡುತ್ತ, ಟಿಕ್ ಟಿಕ್ ಎಂದು ತಾಳ ಹಾಕುತ್ತದೆ. ಹಿರಿಯೂರಿಗೆ ಅದನ್ನು ಒಯ್ದು ಹಾರ್ಮೋನಿಯಂ ಮೇಲಿಟ್ಟು, "ಇನ್ನು ಮುಂದೆ ಇದು ಹೇಳಿದಷ್ಟೇ ವೇಗ" ಎಂದೆ.

ಒಂದು ಸಾಲು ಹಾಡಿದರು. ಎರಡನೆಯ ಸಾಲಿಗೆ ಪೆಟ್ಟಿಗೆ ಮುಂದೆ, ಸಭೆ ಹಿಂದೆ. ನಾಲ್ಕನೆಯ ಸಾಲಿಗೆ ಪೆಟ್ಟಿಗೆ ಒಬ್ಬಂಟಿಯಾಗಿ ಟಿಕ್ಕೆನ್ನುತ್ತಿತ್ತು. ನಿಲ್ಲಿಸಿ ಮತ್ತೆ ಶುರು ಮಾಡಿಸಿದೆ. ಐದು ಸಲ. ಐದು ಸಲವೂ ಹಾಗೆಯೇ. ನನಗೆ ಮೈ ಉರಿದುಹೋಯಿತು.

ಯಲ್ಲದಕೆರೆಯಿಂದ ಬರುವ ಅಜ್ಜಿಯೊಬ್ಬರು ಎದ್ದು, ಮೆಟ್ರೊನೋಮಿನ ಹತ್ತಿರ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ನನ್ನ ಕಡೆ ಕನಿಕರದಿಂದ ತಿರುಗಿದರು.

"ಅಯ್ನೋರೇ, ನಿಮ್ಮ ಗಡಿಯಾರ ಜೋರಾಗಿ ಓಡ್ತೈತೆ. ರಿಪೇರಿ ಮಾಡಿಸ್ರಿ. ಅದಕ್ಕೇ ಮತ್ತೆ, ನೀವು ಎಲ್ಲಿಗೇ ಹೋದ್ರೂ ಎಲ್ಲರಿಗಿಂತ ಮುಂಚೆ ಹೋಗಿ ನಿಂತಿರ್ತೀರಿ!"

ಬಿಸಿಲು ತಗ್ಗಲಿ

ಹೊಳಲ್ಕೆರೆಯಲ್ಲಿ ಒಂದು ಮದುವೆ. ಗಂಡು ತಾಳ್ಯದವನು. ಶುಕ್ರವಾರ ಹತ್ತೂವರೆಗೆ ಎಂದು ನಾನೇ ಗೊತ್ತುಮಾಡಿ, ಮೂರು ಭಾನುವಾರ ಸಭೆಯಲ್ಲಿ ಪ್ರಕಟಣೆ ಓದಿಸಿದ್ದೆ. ಹತ್ತೂವರೆಗೆ ನಾನು ಬಿಳಿ ಅಂಗಿ ತೊಟ್ಟು ಬಲಿಪೀಠದ ಮುಂದೆ ನಿಂತೆ. ನನ್ನ ಹೆಂಡತಿ ಮದುವೆಯ ಹಾಡು ಶುರು ಮಾಡಿದಳು. ಗಂಡೂ ಇಲ್ಲ, ಹೆಣ್ಣೂ ಇಲ್ಲ. ಹನ್ನೊಂದಾಯಿತು. ಹೊರಗೆ ಬಂದು ನೋಡುತ್ತೇನೆ, ಕಾಂಪೌಂಡಿನ ಹುಣಸೆಮರದ ಕೆಳಗೆ ಗಂಡಿನ ಕಡೆಯ ಅಷ್ಟೂ ಜನ ಕುಳಿತು ಎಲೆಅಡಿಕೆ ಹಾಕುತ್ತಿದ್ದಾರೆ! ನಡುವೆ ಸೂಟು ತೊಟ್ಟ ಮದುಮಗ, ಬೆವರುತ್ತ.

"ಯಾಕೆ ಇಲ್ಲಿ ಕುಳಿತಿದ್ದೀರಿ?"

ಗಂಡಿನ ಸೋದರಮಾವ ಎದ್ದು ನಿಂತರು. "ಬಿಸಿಲು ಜೋರೈತೆ ಅಯ್ನೋರೇ. ಒಂಚೂರು ತಗ್ಗಲಿ ಅಂತ ಕುಂತೀವಿ."

"ಯಾವಾಗ ತಗ್ಗುತ್ತೆ?"

ಅವರು ಕೈಗಡಿಯಾರ ನೋಡಿಕೊಂಡು, "ಹನ್ನೆರಡು ಹೊಡೆದ ಮ್ಯಾಲೆ" ಎಂದರು.

ನಡುಮಧ್ಯಾಹ್ನ ಹನ್ನೆರಡಕ್ಕೆ ಬಿಸಿಲು ತಗ್ಗುವ ಊರು ಭೂಮಿಯ ಮೇಲೆ ಹೊಳಲ್ಕೆರೆಯೊಂದೇ ಇರಬೇಕು. ಆಗ ಹೊಳೆಯಿತು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು, ರಾಹುಕಾಲ! ಮೂರು ತಲೆಮಾರಿನಿಂದ ಚರ್ಚಿಗೆ ಬರುವವರು!

"ರಾಹು ನಿಮಗೆ ಏನಾಗಬೇಕು?" ಎಂದು ಗುಡುಗಿದೆ.

"ಅಯ್ಯೋ, ನಮಗೇನೂ ಆಗಬೇಕಿಲ್ಲ ಅಯ್ನೋರೇ. ಹೆಣ್ಣಿನ ಕಡೆಯೋರು ಸ್ವಲ್ಪ ನಂಬ್ತಾರೆ."

ಚರ್ಚಿನ ಹಿಂದೆ ಹೋದೆ. ಅಲ್ಲಿ ಗೋಡೆಯ ನೆರಳಿನಲ್ಲಿ ಹೆಣ್ಣಿನ ಕಡೆಯವರು. ಹೆಣ್ಣಿನ ತಂದೆ ನನ್ನನ್ನು ಬದಿಗೆ ಕರೆದು, "ಗಂಡಿನ ಕಡೆಯೋರು ನಂಬ್ತಾರೆ. ನಾವ್ಯಾಕೆ ಸುಮ್ಕೆ ಅಂತ..." ಎಂದರು.

ಸಿಟ್ಟಿನಿಂದ ಒಳಗೆ ಬಂದೆ. ಹಾರ್ಮೋನಿಯಂ ಇನ್ನೂ ಮೊಳಗುತ್ತಿತ್ತು. ಕಿವಿಗೊಟ್ಟು ಕೇಳಿದರೆ, ಅದು ಸಮಾಧಿಯ ಹತ್ತಿರ ಹಾಡುವ ಹಾಡು!

"ಮದುವೆ ಮನೆಯಲ್ಲಿ ಇದನ್ನು ನುಡಿಸ್ತಿದ್ದೀಯಲ್ಲ!" ಎಂದೆ.

"ಮದುವೆ ಹಾಡೆಲ್ಲ ನಾಲ್ಕು ನಾಲ್ಕು ಸಲ ಆಯ್ತು. ಉಳಿದಿರೋದು ಇದೊಂದೇ" ಎಂದಳು ಕೈ ನಿಲ್ಲಿಸದೆ. "ಯಾರಿಗೂ ಗೊತ್ತಾಗಲ್ಲ ಬಿಡಿ. ನಿಮ್ಮ ವೇಗದಲ್ಲೇ ನುಡಿಸ್ತಿದ್ದೀನಿ."

ಮುಚ್ಚಳ

ಇಷ್ಟೆಲ್ಲ ಸಹಿಸಿದ ನಾನು, ಬೇರೆಯವರು ಸಹಿಸಲಾರದ್ದನ್ನು ಮಾಡಿದ್ದು ನಮ್ಮ ಮನೆಯಿದ್ದ ಚಿತ್ರದುರ್ಗದಲ್ಲಿ. ಬಿಷಪ್ಪರು ನಮ್ಮಲ್ಲಿಗೆ ಬರುವುದೆಂದು ಗೊತ್ತಾಗಿತ್ತು. ನಾಲ್ಕೂ ಊರಿನ ಸಭೆಗಳು ಒಟ್ಟಾಗಿ, ಏಳು ಚರಣದ ಒಂದು ಹಾಡನ್ನು ನಾಲ್ಕು ದನಿಗಳಲ್ಲಿ ಹಾಡಬೇಕೆಂದು ನಾನು ಹಠ ಹಿಡಿದಿದ್ದೆ. ಹೆಂಗಸರದು ಸೊಪ್ರಾನೊ, ಆಲ್ಟೊ. ಗಂಡಸರದು ಟೆನರ್, ಎಲ್ಲಕ್ಕಿಂತ ಕೆಳದನಿಯ ಬೇಸ್. "ಈ ಜಿಲ್ಲೆಯಲ್ಲಿ ಅದು ಸಾಧ್ಯವಿಲ್ಲ" ಎಂದು ಪಕ್ಕದ ಜಿಲ್ಲೆಯ ಪಾಲಕರೊಬ್ಬರು ನಕ್ಕಿದ್ದರು. ಅಷ್ಟು ಸಾಕಾಗಿತ್ತು ನನಗೆ. ಮೂರು ತಿಂಗಳು ಅಭ್ಯಾಸ ಮಾಡಿಸಿದೆ.

ಬಿಷಪ್ಪರು ಬರಲು ಎರಡು ವಾರವಿರುವಾಗ, ಅಭ್ಯಾಸದಲ್ಲಿ ಹಾರ್ಮೋನಿಯಂ ಒಂದು ಸಾಲಿನಲ್ಲಿ ನಿಧಾನವಾಯಿತು. ನಿಲ್ಲಿಸಿದೆ. ಮತ್ತೆ ಅದೇ ಸಾಲು, ಮತ್ತೆ ನಿಧಾನ. ನಲವತ್ತು ಜನರ ಎದುರು ಪೆನ್ಸಿಲಿನಿಂದ ಹಾರ್ಮೋನಿಯಂ ಕುಟ್ಟಿ, "ಇಷ್ಟು ವರ್ಷದಲ್ಲಿ ನಿನಗೆ ನಾಲ್ಕರ ತನಕ ಎಣಿಸೋದನ್ನೂ ಕಲಿಸೋಕಾಗಲಿಲ್ಲವಲ್ಲ ನನಗೆ!" ಎಂದೆ.

ನನ್ನ ಹೆಂಡತಿ ಹಾರ್ಮೋನಿಯಂ ಮುಚ್ಚಳ ಇಳಿಸಿದಳು, ಚಪ್ಪಲಿ ಮೆಟ್ಟಿ ಮನೆಗೆ ಹೋದಳು. ಆ ಸಾಲಿನಲ್ಲಿ ಗಂಡಸರಿಗೆ ಉಸಿರು ಸಾಲುವುದಿಲ್ಲವೆಂದು ಆಕೆ ಬೇಕೆಂದೇ ಜಾಗ ಬಿಡುತ್ತಿದ್ದಳೆಂಬುದು ನನಗೆ ಆಮೇಲೆ ತಿಳಿಯಿತು. ನಾಲ್ಕು ಊರಲ್ಲಿ ಹಾರ್ಮೋನಿಯಂ ಬರುವವರು ಆಕೆಯೊಬ್ಬಳೇ ಎಂಬುದು ಮಾತ್ರ ಮೊದಲೇ ತಿಳಿದಿತ್ತು.

ಮನೆಯಲ್ಲಿ ಜಗಳವಿಲ್ಲ, ಅಳುವಿಲ್ಲ. ಶಿಸ್ತು ಬಂತು. ಎಂಟಕ್ಕೆ ತಿಂಡಿ ಇಡುತ್ತಿದ್ದಳು, ಎಂಟೂಕಾಲಿಗೆ ತಟ್ಟೆ ತೆಗೆಯುತ್ತಿದ್ದಳು. ಒಂದು ದಿನ ಮಧ್ಯಾಹ್ನ ಒಂದೂ ಇಪ್ಪತ್ತೆರಡಕ್ಕೆ ಮನೆಗೆ ಬಂದೆ. ಮೇಜು ಒರೆಸಿಟ್ಟಿತ್ತು.

"ಊಟ?"

"ಒಂದೂಕಾಲಿಗೆ ಮುಗೀತು."

"ನಾನು ಆಸ್ಪತ್ರೆಯಲ್ಲಿ ರೋಗಿಗೆ ಪ್ರಾರ್ಥನೆ ಮಾಡ್ತಿದ್ದೆ!"

"ನಿಮ್ಮ ಬೋರ್ಡಿಂಗಿನಲ್ಲಿ ಅದಕ್ಕೆ ರಿಯಾಯಿತಿ ಇತ್ತಾ?"

ಇರಲಿಲ್ಲ. ನಾನು ಸುಳ್ಳು ಹೇಳುವವನಲ್ಲ. ಎರಡು ಬಾಳೆಹಣ್ಣು ತಿಂದು ಮಲಗಿದೆ.

ಭಾನುವಾರ ಆಕೆ ಹೆಂಗಸರ ಕಡೆಯ ಕೊನೆಯ ಬೆಂಚಿನಲ್ಲಿ ಕುಳಿತಳು. ಹಾಡಿನ ಸಂಖ್ಯೆ ಹೇಳಿದೆ. ಹೆಂಗಸರೆಲ್ಲರ ಕೈಯಲ್ಲಿ ಪುಸ್ತಕ ತೆರೆದಿತ್ತು, ಬಾಯಿ ಮುಚ್ಚಿತ್ತು. ಒಬ್ಬರೂ ಹಾಡಲಿಲ್ಲ. ನಮ್ಮ ಗಂಡಸರು ಅಷ್ಟು ವರ್ಷವೂ ಹೆಂಗಸರ ದನಿಯ ಹಿಂದೆ ಅಡಗಿ ಹಾಡಿದವರೆಂಬುದು ಅಂದು ಬಯಲಾಯಿತು. ಒಂದೇ ಹಾಡನ್ನು ಮೂರು ಗುಂಪು ಮೂರು ಬೇರೆ ಬೇರೆ ಹೊತ್ತಿಗೆ ಮುಗಿಸಿತು.

ಹೊರಗೆ ಬರುವಾಗ ಸಭೆಯ ಹಿರಿಯರೊಬ್ಬರು, ಹತ್ತಿ ಮಿಲ್ಲಿನಲ್ಲಿ ಫಿಟ್ಟರಾಗಿದ್ದವರು, ನನ್ನ ಪಕ್ಕಕ್ಕೆ ಬಂದರು. "ಅಯ್ನೋರೇ, ಬಿಷಪ್ಪರ ಮುಂದೆ ಹಿಂಗೇ ಹಾಡಿದ್ರೆ, ನಮ್ಮನ್ನೆಲ್ಲ ಹೊಸದಾಗಿ ಚರ್ಚಿಗೆ ಬಂದೋರಂಗೆ ಇನ್ನೊಂದ್ಸಲ ದೀಕ್ಷಾಸ್ನಾನಕ್ಕೆ ಇಳಿಸ್ತಾರೆ" ಎಂದರು.

ಕ್ಷಮೆ

ಬಿಷಪ್ಪರ ಎದುರು ಹಾಡು ಚೆನ್ನಾಗಿಯೇ ಬಂತು. ಅದನ್ನು ಈಗಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಾನು ಮರೆಯಲಾರದ್ದು ಅದರ ಹಿಂದಿನ ದಿನ.

ಆ ವಾರ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾನು ಹಾಗೆ ಅನ್ನಬಾರದಿತ್ತು" ಎಂದೆ. ಇಷ್ಟು ಹೇಳಲು ನನಗೆ ಒಂಬತ್ತು ದಿನ ಹಿಡಿದಿತ್ತು.

"ಅಂದದ್ದು ಎಲ್ಲಿ?" ಎಂದಳು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ.

"ಚರ್ಚಿನಲ್ಲಿ."

"ಮತ್ತೆ ಇಲ್ಲಿ ಯಾಕೆ ಹೇಳ್ತಿದ್ದೀರಿ?"

ಅದು ನಾನೇ ಮಾಡಿದ ನಿಯಮ. ಸಭೆಯ ಎದುರು ಮಾಡಿದ ತಪ್ಪನ್ನು ಸಭೆಯ ಎದುರೇ ಒಪ್ಪಬೇಕು. ತಪ್ಪಿತಸ್ಥ ಪ್ರಸಂಗಪೀಠದ ಪಕ್ಕ ನಿಲ್ಲಬೇಕು. ನೊಂದವರು ಬಾಯಿಬಿಟ್ಟು "ಕ್ಷಮಿಸಿದ್ದೇನೆ" ಎನ್ನುವ ತನಕ ಕೂರುವಂತಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಭಾವಮೈದುನನ ಕೆನ್ನೆಗೆ ಹೊಡೆದದ್ದಕ್ಕೆ ಫಿಟ್ಟರನ್ನು ಹಾಗೆ ನಿಲ್ಲಿಸಿದ್ದೆ. ಇಬ್ಬರು ಹಿರಿಯರು "ಬೇಡ" ಎಂದಿದ್ದರೂ ಬಿಟ್ಟಿರಲಿಲ್ಲ. ಈಗ ನನಗೊಂದು ನಿಯಮ, ಅವರಿಗೊಂದು ನಿಯಮ ಎಂದರೆ ನಾನು ಯಾವ ಮುಖ ಹೊತ್ತು ಪೀಠ ಹತ್ತಲಿ?

ಶನಿವಾರದ ಅಭ್ಯಾಸದಲ್ಲಿ ಪೀಠದ ಪಕ್ಕ ನಿಂತೆ. ಸುದ್ದಿ ನಾಲ್ಕೂ ಊರಿಗೆ ಮುಟ್ಟಿತ್ತು. ಹಾಡದವರೂ ಬಂದು ಗೋಡೆಗೆ ಒರಗಿದ್ದರು. ಬರೆದುಕೊಂಡು ಹೋಗಿದ್ದ ಚೀಟಿ ಓದಿದೆ: "ಹಾರ್ಮೋನಿಯಂ ನುಡಿಸುವವರನ್ನು ಇದೇ ಜಾಗದಲ್ಲಿ, ನಿಮ್ಮೆಲ್ಲರ ಎದುರು ಅವಮಾನ ಮಾಡಿದೆ. ತಪ್ಪು ನನ್ನದು. ಕ್ಷಮೆ ಕೇಳುತ್ತೇನೆ."

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಸತ್ಯಕ್ಕೆ ಅಪಚಾರವಾಗಬಾರದಲ್ಲ. "ಆದರೂ ಆ ಸಾಲಿನಲ್ಲಿ ತಾಳ ನಿಧಾನವಾಗಿದ್ದು ಮಾತ್ರ..." ಎಂದೆ.

"ಅಯ್ನೋರೇ, ಅಷ್ಟಕ್ಕೇ ಬಾಯಿ ಮುಚ್ಚಿಕಳ್ರಿ!" ಎಂದು ಯಲ್ಲದಕೆರೆಯ ಅಜ್ಜಿ ಕೂಗಿದರು. ನನ್ನ ಸೇವೆಯಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಮುಚ್ಚಿಕೊಂಡೆ.

ಫಿಟ್ಟರು ಎದ್ದರು. ಅವರ ಮುಖದಲ್ಲಿದ್ದ ಗಾಂಭೀರ್ಯ ನನಗೆ ಇಷ್ಟವಾಗಲಿಲ್ಲ. "ಅಮ್ಮಾರೇ, ಕ್ಷಮಿಸಿದ್ರಾ?"

ನನ್ನ ಹೆಂಡತಿ ಕೊನೆಯ ಬೆಂಚಿನಿಂದ ಎದ್ದು ಬಂದಳು, ಸ್ಟೂಲಿನ ಮೇಲೆ ಕುಳಿತಳು, ಮುಚ್ಚಳ ತೆರೆದಳು. "ನಾಳೆ ಬಿಷಪ್ಪರು ಬರ್ತಾರೆ. ಮೊದಲು ಹಾಡು ನೋಡೋಣ. ಅದನ್ನ ಆಮೇಲೆ ಹೇಳ್ತೀನಿ."

ಏಳು ಚರಣ. ಆಕೆಯ ವೇಗದಲ್ಲಿ. ನಲವತ್ತು ಜನ, ನಾಲ್ಕು ದನಿ, ಬೇಕಾದ ಕಡೆಯಲ್ಲೆಲ್ಲ ಉಸಿರು. ಒಬ್ಬರೂ ದಾರಿ ತಪ್ಪಿ ಮುಂದೆ ಓಡಲಿಲ್ಲ. ನಾನು ಮೂರು ತಿಂಗಳು ಕೂಗಾಡಿದರೂ ಬಾರದಿದ್ದ ಹಾಡು, ನಾನು ಬಾಯಿ ಮುಚ್ಚಿ ನಿಂತ ದಿನ ಬಂತು. ನನಗೆ ಅದಕ್ಕೂ ಸಿಟ್ಟು ಬಂತು. ಎಲ್ಲರೂ ನನ್ನನ್ನೇ ನೋಡುತ್ತ ಹಾಡುತ್ತಿದ್ದರು. ಅಷ್ಟು ಸಂತೋಷದಿಂದ ಆ ಸಭೆ ಹಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆಮೆನ್ ಮುಗಿಯಿತು. ಕಾಲು ನೋಯುತ್ತಿತ್ತು. ಫಿಟ್ಟರು ಮತ್ತೆ ಎದ್ದು, "ಅಮ್ಮಾರೇ, ಈಗ?" ಎಂದರು.

ನನ್ನ ಹೆಂಡತಿ ಒಂದು ಕ್ಷಣ ನನ್ನ ಕಡೆ ನೋಡಿದಳು. ತುಟಿಯಂಚಿನಲ್ಲಿ ನಗು ಕಂಡಿತು. ನಾನು ಕೂರಲು ಕುರ್ಚಿಯ ಕಡೆ ಅರ್ಧ ತಿರುಗಿಯೂ ಬಿಟ್ಟಿದ್ದೆ. ಆಕೆ ಪುಸ್ತಕದ ಪುಟ ಹಿಂದಕ್ಕೆ ಮಗುಚಿದಳು.

"ಆರನೇ ಚರಣದಲ್ಲಿ ಬೇಸ್‌ನವರ ಸ್ವರ ಒಂಚೂರು ಜಾರಿತು" ಎಂದಳು. "ಮೊದಲಿಂದ ಹಾಡೋಣ."

ಜಾರಿದ್ದು ನಿಜ. ನಾನೂ ಗಮನಿಸಿದ್ದೆ. ಸಭೆ ಒಂದೇ ಉಸಿರಿಗೆ ಮೊದಲ ಚರಣಕ್ಕೆ ಎದ್ದು ನಿಂತಿತು. ನಾನಂತೂ ನಿಂತೇ ಇದ್ದೆ.