ಜಿಂಕೆಗೆ ತಕ್ಕ ಗುಂಡು

ಗೊತ್ತಿಲ್ಲದ ವಿಷಯದ ಬಗ್ಗೆ ಮಾತನಾಡುವುದರಲ್ಲಿ ಒಂದು ಸುಖವಿದೆ. ಗೊತ್ತಿರುವ ವಿಷಯದಲ್ಲಿ ಆ ಸುಖ ಸಿಗುವುದಿಲ್ಲ. ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಗುಮಾಸ್ತ. ಯಾವ ಕಡತ ಯಾವ ಬೀರುವಿನಲ್ಲಿ ಯಾರ ಕಾಲದಿಂದ ಮಲಗಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ಇವತ್ತಿನವರೆಗೆ ಒಬ್ಬ ಮನುಷ್ಯನೂ ನನ್ನನ್ನು ಕೂರಿಸಿಕೊಂಡು, 'ಸ್ವಾಮಣ್ಣ, ಕಡತದ ವಿಷಯ ಒಂದಿಷ್ಟು ಹೇಳಿ' ಎಂದಿಲ್ಲ. ಅದೇ ನಾನು, ಬಂದೂಕು ಮುಟ್ಟದವನು, ಲಿಂಗ ಕಟ್ಟಿದ ಮನೆಯಲ್ಲಿ ಹುಟ್ಟಿ ಕೋಳಿಮೊಟ್ಟೆಯ ರುಚಿ ಕೂಡ ಕಾಣದವನು, ಬಚ್ಚಲಲ್ಲಿ ಜಿರಲೆ ಕಂಡರೆ ಹೆಂಡತಿಯನ್ನು ಕೂಗುವವನು, ಜಿಂಕೆ ಬೇಟೆಗೆ ಯಾವ ರೈಫಲ್ ಗುಂಡು ಸರಿ ಎಂಬುದರಲ್ಲಿ ಪಂಡಿತನಾದಾಗ, ನಮ್ಮೂರು ತೆರಕಣಾಂಬಿಯ ಅರ್ಧ ಜನ ಕಾಫಿ ಆರುವುದನ್ನೂ ಮರೆತು ಕೇಳಿದರು.

ಶುರುವಾದದ್ದು ಹುರುಳಿಯಿಂದ. ಊರಾಚೆ ಗುಡ್ಡದ ಕಡೆಗೆ ನಮ್ಮದು ಎರಡು ಎಕರೆ ಹೊಲವಿದೆ. ನಾನು ಕಚೇರಿಗೆ ಹೋಗುವವನಾದ್ದರಿಂದ ಅದರ ಸಾಗುವಳಿ ಪೂರ್ತಿ ನನ್ನ ಹೆಂಡತಿ ಮಂಗಳಮ್ಮನದು; ಪಹಣಿಯಲ್ಲಿ ಹೆಸರು ಮಾತ್ರ ನನ್ನದು. ಆ ವರ್ಷ ಹುರುಳಿ ಗೇಣುದ್ದ ಬಂದಿತ್ತು. ಒಂದು ಬೆಳಿಗ್ಗೆ ನೋಡಿದರೆ ಅರ್ಧ ಎಕರೆ ನುಣ್ಣಗೆ ಕ್ಷೌರ ಮಾಡಿದ ಹಾಗಿತ್ತು. ಜಿಂಕೆಗಳ ಕೆಲಸ. "ನಿಮ್ ಕೈಲಿ ಯಾವಾಗ್ಲೂ ಪೋನ್ ಇರ್ತದಲ್ಲ, ಇದ್ಕೇನಾರ ಉಪಾಯ ಅದಾ ನೋಡಿ" ಎಂದಳು ಮಂಗಳಮ್ಮ. ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, 'ಜಿಂಕೆಗೆ ಏನು ಮಾಡಬೇಕು' ಎಂದು ಇಂಗ್ಲಿಷಿನಲ್ಲಿ ಫೋನನ್ನು ಕೇಳಿದೆ. ಕಾಟ ಎಂಬ ಪದ ಸೇರಿಸಲು ಮರೆತೆ. ಒಂದು ವಿಡಿಯೋದಲ್ಲಿ ಗಡ್ಡ ಬಿಟ್ಟ ಒಬ್ಬ ಅಮೆರಿಕದವನು ಪ್ರತ್ಯಕ್ಷನಾದ. ಅವನ ಮುಂದೆ ಮರದ ಮೇಜಿನ ಮೇಲೆ ಗುಂಡುಗಳು ಸಾಲಾಗಿ ನಿಂತಿದ್ದವು. ಜಿಂಕೆಗೆ ತಕ್ಕ ಗುಂಡನ್ನು ಆರಿಸುವುದು ಹೇಗೆ ಎಂದು ಅವನು ಬಹಳ ಕಾಳಜಿಯಿಂದ, ಮಗಳಿಗೆ ಗಂಡು ನೋಡುವವನ ಹಾಗೆ, ಒಂದೊಂದನ್ನೇ ಎತ್ತಿ ಹೇಳುತ್ತಿದ್ದ. ಅವನ ಇಂಗ್ಲಿಷಿನಲ್ಲಿ ನನಗೆ ಅರ್ಧ ಅರ್ಥವಾಯಿತು. ಉಳಿದರ್ಧವನ್ನು ಊಹಿಸಿಕೊಂಡೆ. ನನ್ನ ಪಾಂಡಿತ್ಯದ ಬಹುಭಾಗ ಆ ಊಹೆಯಲ್ಲೇ ಇತ್ತು.

ಹದಿನೈದು ದಿನ ಹೋಗುವಾಗ ಬರುವಾಗ ಅವನನ್ನೇ ನೋಡಿದೆ. ನಾವು ಗುಂಡು ಎನ್ನುವುದೆಲ್ಲ ಗುಂಡಲ್ಲ, ತುದಿಯಲ್ಲಿರುವ ಚೂಪು ತುಂಡು ಮಾತ್ರ ಗುಂಡು, ಇಡಿಯಾಗಿ ಅದು ತೋಟಾ ಎಂದು ತಿಳಿಯಿತು. ಅದರ ತೂಕವನ್ನು ಗ್ರೇನ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಹಗುರದ್ದು ವೇಗವಾಗಿ ಹೋಗುತ್ತದೆ, ಎಲುಬಿಗೆ ತಾಕಿದರೆ ಚೂರಾಗುತ್ತದೆ. ಭಾರದ್ದು ನಿಧಾನ, ಆದರೆ ಆಳಕ್ಕಿಳಿಯುತ್ತದೆ. ತುದಿ ಮೆತ್ತಗಿದ್ದರೆ ಅದು ಪ್ರಾಣಿಯ ಮೈಯೊಳಗೆ ಹೋಗಿ ಅಣಬೆಯ ಹಾಗೆ ಅರಳುತ್ತದೆ. ಈ ಅರಳುವುದು ನನಗೆ ಬಹಳ ಹಿಡಿಸಿತು. ಅಲ್ಲಿಯವರೆಗೆ ಮಲ್ಲಿಗೆ ಅರಳುವುದನ್ನಷ್ಟೇ ಕೇಳಿದ್ದ ನಾನು, ಸೀಸ ಅರಳುತ್ತದೆ ಎಂದು ನಾಲ್ಕು ಜನರ ಎದುರು ಹೇಳಿದಾಗ ನನ್ನ ಧ್ವನಿಯೇ ದಪ್ಪಗಾಗುತ್ತಿತ್ತು.

ಆ ನಾಲ್ಕು ಜನ ಸಿಗುತ್ತಿದ್ದದ್ದು ಭಾನುವಾರ, ಶಿವಮಲ್ಲುವಿನ ಹೋಟೆಲಿನಲ್ಲಿ. ಅವರಲ್ಲಿ ಮುಖ್ಯನಾದವನು ಗುರುಸ್ವಾಮಿ. ಉಡಿಗಾಲದವನು, ನನಗೆ ದೂರದ ತಮ್ಮನಾಗಬೇಕು, ಅರಿಶಿನದ ವ್ಯಾಪಾರಿ. ಯಾವ ಮಾತಿಗೂ ತಲೆದೂಗುವ ಅವನಂಥ ಕೇಳುಗ ಸಿಕ್ಕರೆ ಎಂಥವನೂ ಕೆಡುತ್ತಾನೆ.

"ಅದೆಂಗಣ್ಣ, ಗುಂಡು ಅರಳದು ಅಂದ್ರೆ?" ಎಂದ.

ನಾನು ಬಿಸಿ ಉದ್ದಿನವಡೆಯನ್ನು ಎಲೆಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದೆ. ಅದು ಅಗಲವಾಯಿತು. "ಇಂಗೆ ಕಣ್ಲಾ" ಎಂದೆ. "ಒಳಗೋಗಿ ಇಂಗಾಯ್ತದೆ. ಅದ್ಕೆ ಜಿಂಕೆಗೆ ಗಟ್ಟಿ ತುದಿದು ಆಗಲ್ಲ. ಮಾಂಸನೂ ಕೆಡಬಾರ್ದು ನೋಡು."

"ನೀವ್ ಮಾಂಸ ತಿನ್ನಲ್ವಲ್ಲಣ್ಣ" ಎಂದ ಶಿವಮಲ್ಲು, ಒಲೆಯ ಕಡೆಯಿಂದ.

"ಇದು ವಿಜ್ಞಾನ ಕಣಪ್ಪ" ಎಂದೆ. ಎಲ್ಲರೂ ತಲೆದೂಗಿದರು. ಬೆರಳು ಸುಟ್ಟಿದ್ದನ್ನು ತೋರಿಸಿಕೊಳ್ಳಲಿಲ್ಲ.

ಮಂಗಳಮ್ಮ ಈ ವಿಜ್ಞಾನಕ್ಕೆ ಕಾಯಲಿಲ್ಲ. ಟ್ರಂಕಿನಿಂದ ಹಳೇ ಸೀರೆಗಳನ್ನೆಲ್ಲ ತೆಗೆದಳು, ಗೂಟ ಕಡಿಸಿದಳು, ಹೊಲದ ಸುತ್ತ ಸೀರೆ ಕಟ್ಟಲು ನನ್ನನ್ನೂ ಎಳೆದುಕೊಂಡು ಹೋದಳು. ನಾನು ಗೂಟ ಹಿಡಿದುಕೊಂಡು, ನೂರಿಪ್ಪತ್ತು ಗ್ರೇನಿಗೂ ನೂರೈವತ್ತು ಗ್ರೇನಿಗೂ ಇರುವ ವ್ಯತ್ಯಾಸ ಹೇಳುತ್ತಿದ್ದೆ. "ಗುಂಡು ಆಮೇಲ್ ಆರಿಸ್ಕಳೀರಂತೆ, ಮೊದ್ಲು ಬೆರಳ್ ತಗೀರಿ" ಎಂದು ಅವಳು ಸುತ್ತಿಗೆ ಎತ್ತಿದಳು. ಸಂಜೆಯೊಳಗೆ ಹೊಲದ ಸುತ್ತ ಅವಳ ಇಪ್ಪತ್ತು ವರ್ಷದ ಹಬ್ಬಗಳೆಲ್ಲ ಗಾಳಿಗೆ ಹಾರಾಡಿದವು. ಜಿಂಕೆಗಳು ಬಂದು ನೋಡಿ, ಬೇರೆ ಕಡೆ ಹೋದವು. ಜಿಂಕೆಯ ಸಮಸ್ಯೆ ಅಲ್ಲಿಗೆ ಮುಗಿಯಿತು. ನನ್ನದು ಮುಗಿಯಲಿಲ್ಲ.

ನಮ್ಮದೊಂದು ವಾಟ್ಸಾಪ್ ಗುಂಪಿದೆ. ಬೆಳಿಗ್ಗೆ ಶುಭೋದಯ, ಮಧ್ಯಾಹ್ನ ಈರುಳ್ಳಿ ದರ, ಸಂಜೆ ಸತ್ತವರ ಸುದ್ದಿ. ಅದರಲ್ಲಿ ಕುದೇರಿನ ಒಬ್ಬರು, ನನ್ನ ಕೀರ್ತಿ ಅಲ್ಲಿಗೂ ಹಬ್ಬಿದ್ದರಿಂದಲೋ ಏನೋ, 'ಜಿಂಕೆಗೆ ಯಾವ ಗುಂಡು ಸರಿ ಸಾರ್' ಎಂದು ಸುಮ್ಮನೆ ಕೇಳಿದರು. ಸುಮ್ಮನೆ ಕೇಳಿದವರಿಗೆ ನಾನು ಏಳು ನಿಮಿಷದ ಧ್ವನಿ ಸಂದೇಶ ಕಳಿಸಿದೆ. ಕೊನೆಯಲ್ಲಿ, "ನೂರೈವತ್ತು ಗ್ರೇನ್, ಮೆತ್ತನೆ ತುದಿ, ಭುಜದ ಹಿಂದೆ. ನನ್ನ ಅನುಭವದಲ್ಲಿ ಹೇಳ್ತೀನಿ, ನಿಂತಲ್ಲೇ ಮಲಗುತ್ತೆ" ಎಂದೆ. ಈ 'ನನ್ನ ಅನುಭವ' ಎಲ್ಲಿಂದ ಬಂತೋ ಇವತ್ತಿಗೂ ತಿಳಿಯದು. ಭಾಷಣ ಮಾಡುವವರ ಬಾಯಿಗೆ ಅದು ತಾನಾಗಿ ಬರುತ್ತದೆಂದು ಕಾಣುತ್ತದೆ. ಹದಿನಾಲ್ಕು ಜನ ಹೆಬ್ಬೆರಳು ಎತ್ತಿದರು.

ಐದು ದಿನದ ಮೇಲೆ ಗುಡ್ಡದ ಹಳ್ಳದಲ್ಲಿ ಒಂದು ಹೆಣ್ಣು ಜಿಂಕೆ ಸತ್ತು ಬಿದ್ದಿತ್ತು. ಯಾರೋ ಹೊಡೆದಿದ್ದರು. ಮರುದಿನ ಬೆಳಿಗ್ಗೆ ಅರಣ್ಯ ಇಲಾಖೆಯ ಗಾರ್ಡ್ ಒಬ್ಬ ನಮ್ಮ ಮನೆಯ ಬಾಗಿಲಲ್ಲಿ ನಿಂತು, ಗುಂಡ್ಲುಪೇಟೆಯ ಕಚೇರಿಗೆ ವಿಚಾರಣೆಗೆ ಬರಬೇಕೆಂಬ ಪತ್ರ ಕೊಟ್ಟ; ಗುಂಪಿನಲ್ಲಿದ್ದ ಯಾರೋ ನನ್ನ ಧ್ವನಿ ಸಂದೇಶವನ್ನು ಇಲಾಖೆಗೆ ದಾಟಿಸಿದ್ದರು. ನಾನು ಅಂಥ ಪತ್ರಗಳನ್ನು ಸಾವಿರ ಬರೆದಿದ್ದೇನೆ. ಓದುವುದು ಇಷ್ಟು ಕಷ್ಟ ಎಂದು ಆವತ್ತೇ ಗೊತ್ತಾದದ್ದು. ಕೇಸಾದರೆ ಜೈಲು, ಜೈಲಿಗೆ ಮೊದಲು ಅಮಾನತು. ಕಚೇರಿಗೆ ರಜೆ ಕೇಳಲು ಫೋನು ಮಾಡಿದರೆ, ನಮ್ಮ ಸೂಪರಿಂಟೆಂಡೆಂಟ್ ಆಗಲೇ ವಿಷಯ ತಿಳಿದವರ ಹಾಗೆ, "ಎಷ್ಟು ದಿನ ಬೇಕಾಗುತ್ತೋ ನೋಡ್ಕೊಳ್ಳಿ ಸ್ವಾಮಿ, ನಿಮ್ಮ ಸೆಕ್ಷನ್‌ಗೆ ಬೇರೆಯವರನ್ನ ಹಾಕಿದೀನಿ" ಎಂದರು. ಧ್ವನಿಯಲ್ಲಿ ಸಂತೋಷ ತುಳುಕುತ್ತಿತ್ತು.

ಸಂದೇಶ ಅಳಿಸಲು ಹೋದೆ. ಸಮಯ ಮೀರಿತ್ತು, ನನ್ನ ಫೋನಿನಿಂದ ಮಾತ್ರ ಅಳಿಸಿಹೋಯಿತು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಸಾಲು ಮೂಡಿತು: ಗುರುಸ್ವಾಮಿ ಗುಂಪನ್ನು ತೊರೆದಿದ್ದಾರೆ. ಅವನ ಹಿಂದೆ ಕುದೇರಿನವರು ತೊರೆದರು. ಆಮೇಲೆ ಹೆಬ್ಬೆರಳು ಎತ್ತಿದವರೆಲ್ಲ ಬಸ್ಸು ಇಳಿಯುವ ಹಾಗೆ ಒಬ್ಬೊಬ್ಬರಾಗಿ ಇಳಿದರು. ಗುರುಸ್ವಾಮಿಗೆ ಫೋನು ಮಾಡಿದೆ. "ಅಣ್ಣ, ನಾನು ನಿಮ್ ಮಾತ್ನ ಯಾವತ್ತೂ ಸರ್ಯಾಗಿ ಕೇಳುಸ್ಕಂಡೇ ಇಲ್ಲ ಕಣಣ್ಣ, ವಡೆ ತಿನ್ತಿದ್ದೆ" ಎಂದು ಇಟ್ಟುಬಿಟ್ಟ.

ಗುಂಡ್ಲುಪೇಟೆಗೆ ನನ್ನ ಜೊತೆ ಬಂದವಳು ಮಂಗಳಮ್ಮ ಒಬ್ಬಳೇ. "ನೀವೊಬ್ರೇ ಅಲ್ಲಿಗೋದ್ರೆ ಅಲ್ಲೂ ಪಾಠ ಮಾಡ್ಬುಟ್ಟೀರಿ" ಎಂದಳು.

ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಮ್ಮಿಬ್ಬರನ್ನೂ ಕೂರಿಸಿ, ನನ್ನ ಸಂದೇಶವನ್ನು ಜೋರಾಗಿ ಹಾಕಿದರು. ಬಾಗಿಲ ಬಳಿ ಮೂವರು ಗಾರ್ಡ್‌ಗಳು ನಿಂತಿದ್ದರು. ತನ್ನದೇ ಧ್ವನಿಯನ್ನು ಏಳು ನಿಮಿಷ ಕೇಳುವ ಶಿಕ್ಷೆ ಯಾವ ಕಾನೂನಿನಲ್ಲೂ ಇಲ್ಲ, ಇದ್ದಿದ್ದರೆ ನಾಡು ಸುಧಾರಿಸುತ್ತಿತ್ತು. 'ನನ್ನ ಅನುಭವದಲ್ಲಿ' ಬಂದಾಗ ಅವರು ಸಂದೇಶ ನಿಲ್ಲಿಸಿದರು.

"ಏನು ಅನುಭವ?"

"ಫೋನಲ್ಲಿ ನೋಡಿದ್ದು ಮೇಡಂ."

ಅವರು ಒಬ್ಬ ಗಾರ್ಡ್‌ಗೆ ಸನ್ನೆ ಮಾಡಿದರು. ಅವನು ಜೇಬಿನಿಂದ ಒಂದು ಕೆಂಪು ಕೊಳವೆಯಂಥದ್ದನ್ನು ತೆಗೆದು ಮೇಜಿನ ಮೇಲಿಟ್ಟ. ಒಂದು ತುದಿಗೆ ಹಿತ್ತಾಳೆಯ ಟೋಪಿ. "ಇದು ಏನು, ಮುಂದು ಯಾವುದು, ಹಿಂದು ಯಾವುದು ಹೇಳಿ" ಎಂದರು ಅಧಿಕಾರಿ.

ನನ್ನ ಅಮೆರಿಕದವನ ಮೇಜಿನ ಮೇಲೆ ಇಂಥದ್ದು ಇರಲಿಲ್ಲ. ಅವನವೆಲ್ಲ ಚೂಪು. ಸುಮ್ಮನಿದ್ದರೆ ಅಪರಾಧಿ ಎಂದಾರೆಂಬ ಭಯ; ಜೊತೆಗೆ, ನಿಜ ಹೇಳಬೇಕೆಂದರೆ, ಗೊತ್ತಿಲ್ಲ ಎನ್ನಲು ಅವಮಾನ. ಹಿತ್ತಾಳೆಯ ಕಡೆ ಬೆರಳಿಟ್ಟು, "ಇದೇ ಮುಂದಿನ ತುದಿ ಮೇಡಂ, ಇದು ಒಳಗೆ ಹೋಗಿ ಅರಳುತ್ತೆ" ಎಂದೆ.

ಗಾರ್ಡ್ ಗೋಡೆಯ ಕಡೆ ತಿರುಗಿದ. ಅವನ ಭುಜ ಕುಲುಕುತ್ತಿತ್ತು. "ಅದು ತೋಟಾದ ಹಿಂದು ಸಾರ್" ಎಂದ, ಗೋಡೆಗೇ ಹೇಳುವವನ ಹಾಗೆ. "ಅದು ಅರಳಿದ್ರೆ ಗುಂಡೊಡೆದೋನ್ ಮುಖನೇ ಓಯ್ತದೆ."

ಅಧಿಕಾರಿ ನಗಲಿಲ್ಲ. ಮೇಜಿನ ಡ್ರಾಯರಿನಿಂದ ಒಂದು ಪೊಟ್ಟಣ ತೆಗೆದು ನನ್ನ ಮುಂದೆ ಬಿಡಿಸಿದರು. ಅದರಲ್ಲಿ ಮೂರು ಉಕ್ಕಿನ ಪುಟ್ಟ ಚೆಂಡುಗಳಿದ್ದವು, ಸೈಕಲ್ ಚಕ್ರದ ಬೇರಿಂಗಿನವು. ಒಂದು ಮುರಿದ ಮೊಳೆ. "ನಾಡಬಂದೂಕಿಗೆ ಇವನ್ನ ತುಂಬಿ ಹೊಡೆದಿದಾರೆ" ಎಂದರು. "ಇವು ಜಿಂಕೆಯ ಹೊಟ್ಟೆಯಲ್ಲಿದ್ದವು. ಎರಡು ದಿನ ಹೀಗೇ ಓಡಾಡಿದೆ, ಆಮೇಲೆ ನೀರಿಗೆ ಅಂತ ಹಳ್ಳಕ್ಕೆ ಇಳಿದಿದೆ. ಒಳಗೆ ಮರಿ ಇತ್ತು. ನಿಮ್ಮ ಏಳು ನಿಮಿಷದಲ್ಲಿ ಇದು ಎಲ್ಲಿ ಬರುತ್ತೆ?"

ನಾನು ಆ ಚೆಂಡುಗಳನ್ನು ನೋಡಿದೆ. ಹುಡುಗರಾಗಿದ್ದಾಗ ಅಂಥವನ್ನು ಜೇಬಿನಲ್ಲಿಟ್ಟುಕೊಂಡು ಆಡುತ್ತಿದ್ದೆವು. ಮಂಗಳಮ್ಮ ಪೊಟ್ಟಣದ ಕಡೆ ಒಮ್ಮೆ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇವ್ರು ಮಾತಾಡೋದ್ ಬುಟ್ರೆ ಏನೂ ಮಾಡ್ದೋರಲ್ಲ ಕಣವ್ವ" ಎಂದಳು, ತಗ್ಗಿದ ಧ್ವನಿಯಲ್ಲಿ. ಮದುವೆಯಾದಾಗಿನಿಂದ ಅವಳು ನನ್ನ ಪರವಾಗಿ ಆಡಿದ ಮಾತುಗಳಲ್ಲಿ ಇಷ್ಟು ನಿಖರವಾದದ್ದು ಇನ್ನೊಂದಿಲ್ಲ.

ಅಲ್ಲಿನ ಗುಮಾಸ್ತ ನನ್ನ ಹೇಳಿಕೆ ಬರೆದ. 'ಸದರಿಯವರಿಗೆ ಬಂದೂಕು ಹಾಗೂ ಗುಂಡುಗಳ ಬಗ್ಗೆ ಯಾವುದೇ ತಿಳಿವಳಿಕೆ ಇರುವುದಿಲ್ಲ. ಹೋಟೆಲಿನಲ್ಲಿ ಕುಳಿತು ಮಾತನಾಡುವ ಅಭ್ಯಾಸವಿರುತ್ತದೆ.' ಸಹಿ ಹಾಕಿದರೆ ಮನೆಗೆ ಹೋಗಬಹುದು. ಇಷ್ಟಾದರೂ ನಾನು ಪೆನ್ನು ಹಿಡಿದು, "'ಯಾವುದೇ' ಬದಲು 'ಸಾಕಷ್ಟು' ಅಂತ ಹಾಕಬಹುದಲ್ವಾ ಮೇಡಂ" ಎಂದೆ. ಅಧಿಕಾರಿ ನನ್ನ ಮುಖ ನೋಡಿದರು. ಮಂಗಳಮ್ಮ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಸಹಿ ಹಾಕಿದೆ.

ಹೊಡೆದವನು ವಾರದೊಳಗೆ ಸಿಕ್ಕಿಬಿದ್ದ. ವಾಟ್ಸಾಪ್ ಇಲ್ಲದ, ಹೋಟೆಲಿಗೆ ಬಾರದ, ಮಾತೇ ಆಡದ ಒಬ್ಬ ಮನುಷ್ಯ. ನನ್ನ ಮಾತಿಗೂ ಅವನಿಗೂ ಸಂಬಂಧವಿರಲಿಲ್ಲ. ಅವನು ಅದನ್ನು ಕೇಳಿಯೇ ಇರಲಿಲ್ಲ. ಸಮಾಧಾನವಾಗಬೇಕಿತ್ತು. ಆಯಿತು ಕೂಡ.

ಅದರ ಮಾರನೆಯ ಭಾನುವಾರ ತಲೆ ತಗ್ಗಿಸಿಕೊಂಡು ಶಿವಮಲ್ಲುವಿನ ಹೋಟೆಲಿಗೆ ಹೋದೆ. ನಗುತ್ತಾರೆ ಎಂದುಕೊಂಡಿದ್ದೆ. ಆದರೆ ನಾನು ಬಾಗಿಲು ದಾಟುತ್ತಲೇ ಎಲ್ಲರೂ ಬೆಂಚಿನಲ್ಲಿ ಸರಿದು ಕೂತರು. ಗುರುಸ್ವಾಮಿ ಎದ್ದು ಗೋಡೆಗೊರಗುವ ಜಾಗ ಬಿಟ್ಟುಕೊಟ್ಟ. ಶಿವಮಲ್ಲು ಕೇಳದೆಯೇ ಕಾಫಿ ತಂದಿಟ್ಟ. ವಿಚಾರಣೆಗೆ ಹೋಗಿ ಒಂದೇ ಗಂಟೆಯಲ್ಲಿ ಹೊರಬಂದವನು ಸಾಮಾನ್ಯನಿರಲಾರ ಎಂದು ಅವರೆಲ್ಲ ತೀರ್ಮಾನಿಸಿದ್ದರು.

"ಒಳಗೇನ್ ಕೇಳುದ್ರಣ್ಣ?" ಎಂದ ಗುರುಸ್ವಾಮಿ, ಹತ್ತಿರ ಸರಿದು.

ಹೇಳಬೇಕಿತ್ತು. ಹಿತ್ತಾಳೆಯ ತುದಿಯ ವಿಷಯ ಬೇಡವೆಂದರೂ ಆ ಪೊಟ್ಟಣದ ವಿಷಯವನ್ನಾದರೂ ಹೇಳಬಹುದಿತ್ತು. ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ, ನಾನು ಕಣ್ಣಾರೆ ಕಂಡ ಒಂದು ಸಂಗತಿ ನನ್ನ ಬಳಿ ಇತ್ತು, ಕೇಳುವವರೂ ಇದ್ದರು. ನಾನು ಕಾಫಿ ಒಂದು ಗುಟುಕು ಕುಡಿದು, ಸುತ್ತ ನೋಡಿ, ಧ್ವನಿ ತಗ್ಗಿಸಿ, "ಇಲಾಖೆಯವ್ರು ಒಂದು ತೋಟಾ ಇಟ್ಟು ನನ್ನ ಅಭಿಪ್ರಾಯ ಕೇಳಿದ್ರು ಕಣ್ಲಾ" ಎಂದೆ. "ಹೇಳ್ಬುಟ್ಟು ಬಂದೆ."